ವಾಸನೆಯ ಆಮಿಷ ಬೇಡ, ಕ್ಯಾಮೆರಾ ಸಾಕು

ಬೆಳ್ತಂಗಡಿಯಲ್ಲಿ ಕುದುರೆಮುಖದ ತಪ್ಪಲಿನ ತೋಟವಿರಲಿ, ಬಂಟ್ವಾಳ, ಮೂಡುಬಿದಿರೆಯ ಗುಡ್ಡದ ಬದಿಯ ಜಾಗವಿರಲಿ, ಕಡವೆಯನ್ನೋ ಕಾಡುಕುರಿಯನ್ನೋ ನೋಡುವ ಆಸೆಗೆ ಆನ್‌ಲೈನಿನಲ್ಲಿ ಸಿಗುವ ವಾಸನೆಯ ದ್ರವ ತಂದು ಚೆಲ್ಲಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಗೆ ಆಮಿಷ ಒಡ್ಡುವುದೂ, ಅದಕ್ಕೆ ಯತ್ನಿಸುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತವೆ. ‘ಕೋವಿ ಹಿಡಿದಿಲ್ಲವಲ್ಲ, ನಮ್ಮದೇ ಪಟ್ಟಾ ಜಾಗದಲ್ಲಿ ಫೋಟೊ ತಾನೆ’ ಎನ್ನಬಹುದು. ಜಾಗ ನಿಮ್ಮದಾದರೂ ಪ್ರಾಣಿ ನಿಮ್ಮದಲ್ಲ. ಮೇಲಾಗಿ, ಬಂದು ರೂಢಿಯಾದ ಕಡವೆ ನಾಳೆ ನಿಮ್ಮ ಸಸಿಗಳಿಗೇ ಬಾಯಿ ಹಾಕೀತು. ಬೀದಿನಾಯಿಗಳಿಗೂ ಉರುಳು ಇಡುವವರಿಗೂ ದಾರಿ ತೋರಿಸಿದಂತಾದೀತು.

ಆಮಿಷವಿಲ್ಲದೆ ಚಿತ್ರ ಸಿಗದೆಂಬ ಸಂಶಯವೂ ಬೇಡ. ದಕ್ಷಿಣ ಕನ್ನಡದವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ಹುಲಿಗಳನ್ನು ಎಣಿಸಿದ್ದು, ಅವು ನಡೆದಾಡುವ ದಾರಿಯಲ್ಲೇ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆ ಗುರುತಿಸಿ. ನೀವೂ ತೋಡಿನ ಬದಿಯಲ್ಲಿ ಗೊರಸಿನ ಗುರುತು, ಹಿಕ್ಕೆ ಹುಡುಕಿ. ಹತ್ತಿರದ ಮರಕ್ಕೆ ಮೊಣಕಾಲಿಗಿಂತ ತುಸು ಎತ್ತರದಲ್ಲಿ ಕ್ಯಾಮೆರಾ ಕಟ್ಟಿ. ಎದುರಿನ ಹುಲ್ಲು ಸವರಿ, ಇಲ್ಲವಾದರೆ ಬಿಸಿಲಿಗೆ ಕಾದ ಎಲೆ ಅಲುಗಿದರೂ ಅದು ಕ್ಲಿಕ್ಕಿಸಿ ಬ್ಯಾಟರಿ ಮುಗಿಸುತ್ತದೆ. ಮೀಸಲು ಅರಣ್ಯದೊಳಗಾದರೆ ಇಲಾಖೆಯ ಅನುಮತಿ ಬೇಕೇ ಬೇಕು. ಸಿಕ್ಕ ಚಿತ್ರವನ್ನು ವಾಟ್ಸ್‌ಆ್ಯಪ್‌ಗೆ ಹಾಕುವಾಗ ಜಾಗದ ಹೆಸರು ಮಾತ್ರ ಬಿಟ್ಟುಬಿಡಿ.