ಹಗಲಿನ ಬಿಸಿಲಲ್ಲಿ ಐಸ್ ಮಾಡಿ, ರಾತ್ರಿ ಹಿಟ್ಟು ಉಳಿಸಿ



ರಾತ್ರಿ 11ಕ್ಕೆ ಶಟರ್ ಎಳೆದು ಮನೆಗೆ ಹೋಗುತ್ತೇವೆ. ಬೆಳಿಗ್ಗೆ 5ರ ತನಕ ಫ್ರಿಜ್ಜಿನೊಳಗೆ ಏನಾಗುತ್ತದೆಂದು ಯಾರೂ ನೋಡುವುದಿಲ್ಲ. ಒಂದು ಮೇ ತಿಂಗಳಲ್ಲಿ ನಮ್ಮಲ್ಲಿ ಶಟರ್ ಎಳೆದ ಸ್ವಲ್ಪ ಹೊತ್ತಿಗೇ ಹೋದ ಕರೆಂಟು ಬಂದದ್ದು ನಸುಕಿನಲ್ಲಿ. 40 ಕಿಲೋ ದೋಸೆ ಹಿಟ್ಟು ಉಕ್ಕಿ ನೆಲಕ್ಕೆ ಬಂದಿತ್ತು, ಹಾಲು ಒಲೆಗಿಟ್ಟೊಡನೆ ಒಡೆಯಿತು. ತಾರಸಿಯ ಮೇಲೆ ಸೋಲಾರ್ ಹಾಕಿಸಿದ್ದೆ, ಆದರೆ ರಾತ್ರಿಗೆ ಅದರಿಂದ ಏನು ಪ್ರಯೋಜನ? ಇನ್ನೂ ಒಂದು ವಿಷಯ ಹಾಕಿಸಿದ ಮೇಲೆ ತಿಳಿಯಿತು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಹಗಲಿನಲ್ಲೂ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ.

ಹಾಗಾದರೆ ದೊಡ್ಡ ಬ್ಯಾಟರಿ ಹಾಕಿಸೋಣವೆಂದರೆ ಖರ್ಚು ಹೆಚ್ಚು, ಕೆಲವು ವರ್ಷಕ್ಕೆ ಬದಲಿಸಲೂ ಬೇಕು. ನಮಗೆ ರಾತ್ರಿ ಬೇಕಾದದ್ದು ಕರೆಂಟಲ್ಲ, ತಂಪು. ತಂಪನ್ನು ಹಗಲೇ ಮಾಡಿ ಕೂಡಿಡಬಹುದು.

ಊರಿಗೆ ಹೋದಾಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಐಸ್ ಲೈನ್ಡ್ ರೆಫ್ರಿಜರೇಟರ್ ನೋಡಿದೆ. ಅದರ ಒಳಗೋಡೆಯ ಸುತ್ತ ಐಸ್ ಇರುತ್ತದೆ. ಹೊರಗೆ 43 ಡಿಗ್ರಿ ಸೆಕೆ ಇದ್ದರೂ ಕರೆಂಟಿಲ್ಲದೆ ಕನಿಷ್ಠ 20 ಗಂಟೆ ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಇದರ ಸೋಲಾರ್ ಮಾದರಿಯಲ್ಲಿ ಪ್ಯಾನೆಲ್‌ನಿಂದ ನೇರ ಕಂಪ್ರೆಸರಿಗೆ ಕರೆಂಟು, ಬ್ಯಾಟರಿಯೇ ಇಲ್ಲ. ಬಿಸಿಲಿಲ್ಲದೆ 3 ದಿನವಾದರೂ ತಡೆಯಬೇಕು. ಲಸಿಕೆಗೆ ಆಗುವುದು ದೋಸೆ ಹಿಟ್ಟಿಗೆ ಏಕಾಗಬಾರದು?

ಲೆಕ್ಕ ಸುಲಭ. 1 ಕಿಲೋ ನೀರನ್ನು 1 ಡಿಗ್ರಿ ಇಳಿಸಲು 1 ಕಿಲೋ ಕ್ಯಾಲರಿ ತೆಗೆಯಬೇಕು. 1 ಕಿಲೋ ಐಸ್ ಬರೀ ಕರಗುವಾಗಲೇ 80 ಕಿಲೋ ಕ್ಯಾಲರಿ ಎಳೆದುಕೊಳ್ಳುತ್ತದೆ. 40 ಕಿಲೋ ಹಿಟ್ಟನ್ನು 30 ಡಿಗ್ರಿಯಿಂದ 5ಕ್ಕೆ ತರಲು, ಹಿಟ್ಟನ್ನು ನೀರೆಂದೇ ಹಿಡಿದರೆ, 1000 ಕಿಲೋ ಕ್ಯಾಲರಿ. ಅಂದರೆ ಹನ್ನೆರಡೂವರೆ ಕಿಲೋ ಐಸ್. ಪೆಟ್ಟಿಗೆಯ ಗೋಡೆ, ಮುಚ್ಚಳದಿಂದ ನುಗ್ಗುವ ಸೆಕೆಗೆ ಇನ್ನೊಂದು ಅಷ್ಟೇ ಪಾಲು ಸೇರಿಸಿ 25 ಕಿಲೋ ಇಡಿ. ಕರಗಿದ್ದನ್ನು ಮರುದಿನ ಗಟ್ಟಿ ಮಾಡಲು ಸುಮಾರು 2-3 ಯೂನಿಟ್ ಬೇಕು. 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 4 ಯೂನಿಟ್ ಕೊಡುತ್ತದೆ.

ನಾವು ಮಾಡುವುದು ಹೀಗೆ. ಬೆಳಿಗ್ಗೆ 9ಕ್ಕೆ ನೀರಿನ ಕ್ಯಾನುಗಳನ್ನು ಬೇರೆಯೇ ಒಂದು ಚೆಸ್ಟ್ ಫ್ರೀಜರಿಗೆ ಹಾಕುತ್ತೇವೆ. ಸಂಜೆ ದಪ್ಪ ಥರ್ಮೋಕೋಲಿನ ಪೆಟ್ಟಿಗೆಗೆ ವರ್ಗ. ಕ್ಯಾನು ಚಪ್ಪಟೆಯಾಗಿರಲಿ, 20 ಲೀಟರಿನ ದಪ್ಪ ಕ್ಯಾನು ಒಂದು ಹಗಲಿನಲ್ಲಿ ನಡುವಿನ ತನಕ ಗಟ್ಟಿಯಾಗುವುದಿಲ್ಲ. ಕಂಠಪೂರ್ತಿ ತುಂಬಬೇಡಿ, ಐಸ್ ಆಗುವಾಗ ನೀರು ನೂರಕ್ಕೆ 9ರಷ್ಟು ಹಿಗ್ಗಿ ಕ್ಯಾನು ಒಡೆಯುತ್ತದೆ. ತಣ್ಣನೆ ಗಾಳಿ ಕೆಳಗಿಳಿಯುವುದರಿಂದ ಐಸ್ ಮೇಲೆ ಮತ್ತು ಪಕ್ಕದಲ್ಲಿರಲಿ. ಫ್ರೀಜರಿನಿಂದ ತೆಗೆದ ಕೂಡಲೇ ಪಾತ್ರೆಗೆ ತಾಗಿಸಿದರೆ ಹಿಟ್ಟಿನ ಅಂಚು ಹೆಪ್ಪುಗಟ್ಟುತ್ತದೆ. ಅಲ್ಲಾಡಿಸಿದಾಗ ನೀರಿನ ಸದ್ದು ಬರುವ ತನಕ ಹೊರಗಿಟ್ಟು ಆಮೇಲೆ ಇಡಿ.

ಹೆಚ್ಚಿನವರು ತಪ್ಪುವುದು ಪಾತ್ರೆಯಲ್ಲಿ. ದೊಡ್ಡ ಡ್ರಮ್ಮಿನಲ್ಲಿ ಹಿಟ್ಟಿಟ್ಟರೆ ಅಂಚು ತಣ್ಣಗೆ, ನಡುವೆ ಬೆಚ್ಚಗೆ. ಅಲ್ಲಿ ಹುಳಿ ನಿಲ್ಲುವುದಿಲ್ಲ. ಹದಕ್ಕೆ ಹುಳಿ ಬಂದೊಡನೆ 5 ಲೀಟರಿನ ಸ್ಟೀಲ್ ಡಬ್ಬಿಗಳಿಗೆ ಹಂಚಿ. ಬಿಸಿ ಸಾಂಬಾರು ಈ ಪೆಟ್ಟಿಗೆಗೆ ಖಂಡಿತ ಬೇಡ, ಅದೊಂದೇ ಅರ್ಧ ಐಸ್ ತಿಂದುಬಿಡುತ್ತದೆ.

ಬಾಡಿಗೆ ಅಂಗಡಿಯವರಿಗೆ, ಮುಖ್ಯವಾಗಿ ಮುಂಬೈಯವರಿಗೆ, ತಾರಸಿ ಎಲ್ಲಿಂದ ಬರಬೇಕು? ಅವರೂ ಬಿಲ್ಲು ನೋಡಲಿ. ಕೇಂದ್ರ ಸರಕಾರದ 2023ರ ನಿಯಮದಲ್ಲಿ 10 ಕಿಲೋವ್ಯಾಟಿಗಿಂತ ಹೆಚ್ಚು ಬೇಡಿಕೆಯ ವ್ಯಾಪಾರಿ ಗ್ರಾಹಕರಿಗೆ ಬಿಸಿಲಿನ ಹೊತ್ತಿನ ದರ ಕಡಿಮೆ, ಸಂಜೆಯ ದರ ಹೆಚ್ಚು ಎಂದಿದೆ. ನಿಮ್ಮ ರಾಜ್ಯದ ದರಪಟ್ಟಿಯಲ್ಲಿ ಅದು ಇದ್ದರೆ ಪ್ಯಾನೆಲ್ ಇಲ್ಲದೆಯೂ ಹಗಲು ಐಸ್ ಮಾಡಿಡುವುದು ಲಾಭವೇ. ಮಳೆಗಾಲದ ಮೋಡದ ದಿನ ನಾವೂ ಲೈನಿನ ಕರೆಂಟಿನಲ್ಲೇ ಮಾಡುತ್ತೇವೆ.

ಪೆಟ್ಟಿಗೆಯೊಳಗೆ ಒಂದು ಥರ್ಮಾಮೀಟರ್ ಇರಲೇಬೇಕು, 5 ಡಿಗ್ರಿ ದಾಟಬಾರದು. ನಮ್ಮ ಅಡುಗೆ ಭಟ್ಟರು ಬೆಳಿಗ್ಗೆ ಬಂದೊಡನೆ ಅಂಕಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. 7 ಅಥವಾ 8 ಬಂದ ದಿನ ವಿಚಾರಿಸಿದರೆ, ರಾತ್ರಿ ಮಲಗಿದ ಹುಡುಗರಲ್ಲಿ ಯಾರೋ ತಣ್ಣೀರಿಗೆಂದು ಮುಚ್ಚಳ ತೆಗೆದಿರುತ್ತಾರೆ. ಈಗ ಅವರಿಗೆಂದೇ ಹೊರಗೆ ಒಂದು ಮಣ್ಣಿನ ಹೂಜಿ ಇಟ್ಟಿದ್ದೇನೆ.