ಯಾತ್ರೆಯಲ್ಲಿ ಲಾಘವ

ಛಂದಸ್ಸನ್ನು ಅಭ್ಯಾಸ ಮಾಡಿದವರಿಗೆ ಲಘು, ಗುರು ಎಂಬ ಶಬ್ದಗಳು ಚಿರಪರಿಚಿತವಾದವು. ಒಂದು ಮಾತ್ರೆಯ ಕಾಲವುಳ್ಳದ್ದು ಲಘು. ಎರಡು ಮಾತ್ರೆಯದು ಗುರು. ಇರಬಾರದ ಎಡೆಯಲ್ಲಿ ಒಂದೇ ಒಂದು ಮಾತ್ರೆ ಹೆಚ್ಚಾದರೂ ಪದ್ಯದ ಗತಿ ಕುಂಟುತ್ತದೆ. ಸೂತ್ರ ರಚನೆಯಲ್ಲಿ ಅರ್ಧ ಮಾತ್ರೆ ಉಳಿದರೂ ಹಿಗ್ಗುವವರು ವೈಯಾಕರಣರು. ಲಘು ಶಬ್ದದಿಂದ ಹುಟ್ಟಿದ ‘ಲಾಘವ’ಕ್ಕೆ ಹಗುರತನವೆಂಬ ಅರ್ಥದ ಜೊತೆಗೆ ಚುರುಕು, ನೈಪುಣ್ಯ ಎಂಬ ಅರ್ಥಗಳೂ ಉಂಟು. ಕೈಚಳಕವನ್ನು ಹಸ್ತಲಾಘವವೆಂದು ಕರೆಯುವುದು ಈ ಕಾರಣದಿಂದಲೇ. ಹಗುರವಾದದ್ದು ಚುರುಕಾಗಿರುತ್ತದೆ, ಹಗುರ ಮಾಡಿಕೊಳ್ಳಲು ನೈಪುಣ್ಯ ಬೇಕಾಗುತ್ತದೆ.

ಪದ್ಯಕ್ಕೆ ಗತಿ ಇರುವಂತೆ ಪಯಣಕ್ಕೂ ಗತಿಯುಂಟು. ಬೆನ್ನಿಗೆ ಚೀಲವೇರಿಸಿ ಬೆಟ್ಟಗಾಡುಗಳನ್ನು ಸುತ್ತುವ ಚಾರಣಿಗರಿಗೂ, ಸೈಕಲ್ಲಿಗೆ ಗಂಟು ಕಟ್ಟಿ ಊರೂರು ಸಂಚರಿಸುವ ಪ್ರವಾಸಿಗರಿಗೂ ಮೊದಲ ಶತ್ರು ದಾರಿಯಲ್ಲ, ಏರಲ್ಲ, ಬಿಸಿಲಲ್ಲ. ತಾವೇ ಕಟ್ಟಿಕೊಂಡು ಹೊರಟ ಹೊರೆ. ಆ ಹೊರೆಯನ್ನು ಇಳಿಸುವ ಬಗೆ ಯಾವುದು? ದುಬಾರಿ ಬೆಲೆಯ ಹಗುರ ಸಾಮಗ್ರಿಗಳನ್ನು ಕೊಂಡರೆ ಸಾಕೆಂಬ ಭಾವನೆ ಇಂದು ಸಾಮಾನ್ಯವಾಗಿದೆ. ಟೈಟಾನಿಯಂ ಪಾತ್ರೆಯಿಂದ ಹಿಡಿದು ಗಾಳಿಯಂತೆ ತೆಳುವಾದ ಡೇರೆಯವರೆಗೆ ಎಲ್ಲವೂ ಅಂಗಡಿಯಲ್ಲಿ ದೊರೆಯುತ್ತವೆ. ಆದರೆ ಈ ವಿದ್ಯೆಯ ಇತಿಹಾಸವನ್ನು ನೋಡಿದರೆ ಬೇರೊಂದು ಸತ್ಯ ಗೋಚರಿಸುತ್ತದೆ. ಲಾಘವದ ದಾರಿಯನ್ನು ತೆರೆದವರು ಹಣವಂತರಲ್ಲ. ಒಬ್ಬ ಚಮ್ಮಾರ, ಒಬ್ಬ ಸಿಂಪಿಗ, ಒಬ್ಬ ಬಡ ಮುದುಕಿ.

ಮೂವರು ಪಥಿಕರು

ಜಾರ್ಜ್ ವಾಷಿಂಗ್ಟನ್ ಸಿಯರ್ಸ್ (1821–1890) ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಾದರಕ್ಷೆ ಹೊಲಿದು ಜೀವಿಸಿದವನು. ‘ನೆಸ್‌ಮಕ್’ ಎಂಬ ಹೆಸರಿನಲ್ಲಿ ಅರಣ್ಯ ಸಂಚಾರದ ಬರಹಗಳನ್ನು ಬರೆದವನು. ಕೃಶಕಾಯನಾದ ಈತನ ತೂಕ ಐವತ್ತು ಕಿಲೋ ಆಸುಪಾಸು. ಮೇಲಾಗಿ ಶ್ವಾಸಕೋಶದ ಬೇನೆ. ಅಡಿರಾಂಡಾಕ್ ಸೀಮೆಯ ಸರೋವರಗಳಲ್ಲಿ ಸಂಚರಿಸುವವರು ಒಂದು ಸರೋವರ ಮುಗಿದು ಇನ್ನೊಂದು ಬರುವವರೆಗೆ ದೋಣಿಯನ್ನು ಹೆಗಲ ಮೇಲೆ ಹೊರಬೇಕಾಗಿತ್ತು. ಭಾರವಾದ ದೋಣಿ ಹೊರಲು ಕೂಲಿಯ ಆಳನ್ನು ಗೊತ್ತುಮಾಡಿಕೊಳ್ಳುವುದು ಉಳ್ಳವರ ರೂಢಿ. ಸಿಯರ್ಸನಿಗೆ ಅಷ್ಟು ಹಣವಿರಲಿಲ್ಲ, ಹೊರಲು ಬಲವೂ ಇರಲಿಲ್ಲ. ಆದುದರಿಂದ ತನ್ನ ಮೈತೂಕಕ್ಕೆ ಎಷ್ಟು ಬೇಕೋ ಅಷ್ಟೇ ದೋಣಿಯನ್ನು ಮಾಡಿಸಿದ. 1883ರಲ್ಲಿ ಆತ ಸುಮಾರು 425 ಕಿಲೋಮೀಟರು ಸಂಚರಿಸಿದ ದೋಣಿಯ ತೂಕ ಐದು ಕಿಲೋಗೂ ಕಡಿಮೆ. ಮರುವರ್ಷವೇ ಅವನ ‘ವುಡ್‌ಕ್ರಾಫ್ಟ್’ ಎಂಬ ಗ್ರಂಥ ಪ್ರಕಟವಾಯಿತು.

ಎರಡನೆಯವನು ಥಾಮಸ್ ಹೈರಮ್ ಹೋಲ್ಡಿಂಗ್. 1844ರಲ್ಲಿ ಜನಿಸಿದ ಈತ ಒಂಬತ್ತರ ಬಾಲಕನಾಗಿದ್ದಾಗ ಅಮೆರಿಕದ ಬಯಲುಗಳನ್ನು ಬಂಡಿಗಳ ಸಾಲಿನೊಡನೆ ದಾಟಿದವನು. ಅಂದು ಇಡೀ ಸಂಸಾರವೇ ಬಂಡಿಯ ಮೇಲಿತ್ತು. ಮುಂದೆ ಇಂಗ್ಲೆಂಡಿನಲ್ಲಿ ದರ್ಜಿ ಕೆಲಸವನ್ನು ಕೈಗೊಂಡ ಹೋಲ್ಡಿಂಗ್, ಸೈಕಲ್ಲಿನ ಮೇಲೆ ಕಟ್ಟಿಕೊಂಡು ಹೋಗಬಹುದಾದ ಹಗುರ ಡೇರೆಯನ್ನು ರೂಪಿಸಿದ. ಬಟ್ಟೆಯ ಗುಣ, ಹೊಲಿಗೆಯ ಬಲ ಇವೆರಡೂ ಅವನ ಕಸುಬಿನಿಂದ ಬಂದ ತಿಳಿವಳಿಕೆ. ಐರ್ಲೆಂಡಿನ ಕಾನೆಮಾರಾ ಪ್ರಾಂತದಲ್ಲಿ ಗೆಳೆಯರೊಡನೆ ಮಾಡಿದ ಸೈಕಲ್ ಸಂಚಾರವನ್ನು ಆತ 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. 1901ರಲ್ಲಿ ಸೈಕಲ್ ಶಿಬಿರಿಗರ ಸಂಘವನ್ನು ಸ್ಥಾಪಿಸಿದ. ಬಂಡಿಯಷ್ಟು ಸಾಮಾನು ಸೈಕಲ್ಲಿನ ಎರಡು ಚಕ್ರಗಳ ಮೇಲಕ್ಕೆ ಇಳಿದು ಬಂದದ್ದು ಹೀಗೆ, ಒಬ್ಬ ಮನುಷ್ಯನ ಆಯುಷ್ಯದ ಅವಧಿಯಲ್ಲಿಯೇ.

ಮೂರನೆಯವಳು ಎಮ್ಮಾ ಗೇಟ್‌ವುಡ್ (1887–1973). ಹನ್ನೊಂದು ಮಕ್ಕಳನ್ನು ಹೆತ್ತು ಸಾಕಿದ ಒಕ್ಕಲುತನದ ಹೆಂಗಸು. ಅಮೆರಿಕದ ಪೂರ್ವಭಾಗದಲ್ಲಿರುವ ಅಪಲೇಚಿಯನ್ ಕಾಲುದಾರಿ ಅಂದಿಗೆ ಎರಡು ಸಾವಿರ ಮೈಲಿಗೂ ಹೆಚ್ಚು ಉದ್ದವಾಗಿತ್ತು. 1955ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಆಕೆ ಅದನ್ನು ಒಬ್ಬಳೇ ನಡೆದು ಮುಗಿಸಿದಳು. ಹೆಗಲ ಮೇಲೆ ತಾನೇ ಹೊಲಿದ ಒರಟು ಬಟ್ಟೆಯ ಚೀಲ. ಕಾಲಲ್ಲಿ ಸಾಧಾರಣ ಕ್ಯಾನ್ವಾಸ್ ಬೂಟು. ಹೊದೆಯಲು ಒಂದು ಕಂಬಳಿ. ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಡೇರೆಯಿಲ್ಲ, ಮಲಗುವ ಚೀಲವಿಲ್ಲ. ಆಕೆಯ ಗಂಟು ಒಂಬತ್ತು ಕಿಲೋ ಮೀರುತ್ತಿದ್ದುದು ಅಪರೂಪ. 1957ರಲ್ಲಿ ಅದೇ ದಾರಿಯನ್ನು ಇನ್ನೊಮ್ಮೆ ಕ್ರಮಿಸಿದಳು.

ಈ ಮೂವರಲ್ಲಿಯೂ ಸಮಾನವಾಗಿ ಕಾಣುವ ಅಂಶವೊಂದುಂಟು. ಇತರರು ಏನನ್ನು ಹೊರುತ್ತಾರೆಂದು ಇವರು ನೋಡಲಿಲ್ಲ. ತಮಗೆ ಏನು ಬೇಕೆಂದು ಕೇಳಿಕೊಂಡರು. ಕಾಯಕವೇ ಅವರಿಗೆ ವಿವೇಕವನ್ನು ಕಲಿಸಿತು. ಸೂಜಿಕಾಯಕದ ರಾಮಿತಂದೆಯನ್ನೂ ಸಮಗಾರ ಹರಳಯ್ಯನನ್ನೂ ನಿತ್ಯವೂ ಸ್ಮರಿಸುವ ನಾಡಿಗೆ ಇದು ಹೊಸ ಮಾತೇನಲ್ಲ.

ಹೊರೆಯ ಗಣಿತ

ಒಂದೆರಡು ಕಿಲೋ ಹೆಚ್ಚಾದರೇನು ಎಂಬ ಮಾತು ಹೊರಡುವ ಮುನ್ನ ಎಲ್ಲರ ಬಾಯಲ್ಲಿಯೂ ಬರುತ್ತದೆ. ಇದಕ್ಕೆ ಉತ್ತರವನ್ನು ಲೆಕ್ಕವೇ ಹೇಳಬೇಕು. ಕುಕ್ಕೆ ಸುಬ್ರಹ್ಮಣ್ಯದ ತಪ್ಪಲಿನಿಂದ 1,712 ಮೀಟರು ಎತ್ತರದ ಕುಮಾರಪರ್ವತವನ್ನು ಏರುವವರು ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಮೇಲೇರಬೇಕು. ಹತ್ತು ಕಿಲೋ ಗಂಟನ್ನು ಒಂದೂವರೆ ಸಾವಿರ ಮೀಟರು ಮೇಲಕ್ಕೆ ಒಯ್ಯುವುದೂ, ಕ್ವಿಂಟಾಲ್ ತೂಕದ ಜೋಳದ ಚೀಲವನ್ನು ಒಂದು ಮೀಟರು ಎತ್ತರದ ಬಂಡಿಗೆ ನೂರೈವತ್ತು ಸಲ ಎತ್ತಿ ಹಾಕುವುದೂ ಭೌತಶಾಸ್ತ್ರದ ದೃಷ್ಟಿಯಲ್ಲಿ ಸಮಾನವಾದ ಕೆಲಸ. ಅದೇ ಗಂಟಿನಿಂದ ಮೂರು ಕಿಲೋ ಇಳಿಸಿದರೆ ನಲವತ್ತೈದು ಚೀಲಗಳನ್ನು ಎತ್ತುವ ಶ್ರಮ ಉಳಿಯಿತೆಂದಾಯಿತು. ಇಳಿಯುವಾಗ ಮಂಡಿಗಳ ಮೇಲೆ ಬೀಳುವ ಪೆಟ್ಟಿನ ಲೆಕ್ಕ ಬೇರೆ.

ಭಾರವು ಎಲ್ಲಿದೆಯೆಂಬುದೂ ಮುಖ್ಯ. ಪಾದದ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ನಾಲ್ಕೈದು ಕಿಲೋಗಳಷ್ಟು ದಣಿಸುತ್ತದೆಂಬುದು ಶರೀರಶಾಸ್ತ್ರದ ಪ್ರಯೋಗಗಳಿಂದ ತಿಳಿದುಬಂದಿದೆ. ಹೆಜ್ಜೆ ಹೆಜ್ಜೆಗೂ ಅದನ್ನು ಎತ್ತಿ ಇಡಬೇಕಷ್ಟೆ. ಗೇಟ್‌ವುಡ್ಡಳ ಹಗುರ ಬೂಟಿನ ಮರ್ಮ ಇದು.

ಸೈಕಲ್ಲಿನ ರೀತಿ ಸ್ವಲ್ಪ ಬೇರೆ. ಸಮತಟ್ಟಾದ ದಾರಿಯಲ್ಲಿ ವೇಗವಾಗಿ ಸಾಗುವ ಸವಾರನನ್ನು ಮುಖ್ಯವಾಗಿ ತಡೆಯುವುದು ಗಾಳಿ. ಅಲ್ಲಿ ಭಾರದ ಕಾಟ ಕಡಿಮೆ. ಘಟ್ಟ ಬಂದೊಡನೆ ಭಾರ ತನ್ನ ಕಂದಾಯವನ್ನು ಪೂರಾ ವಸೂಲು ಮಾಡುತ್ತದೆ. ಆದುದರಿಂದ ಬಯಲುಸೀಮೆಯಲ್ಲಿ ಮೂರು ದಿನ ತಿರುಗಿ ಬಂದವನ ಗಂಟು ಮಲೆನಾಡಿಗೆ ಪ್ರಮಾಣವಾಗಲಾರದು.

ತೂಗುವ ಕ್ರಮ

ಆಯ್ದಕ್ಕಿ ಮಾರಯ್ಯ ಹಾಗೂ ಲಕ್ಕಮ್ಮನವರ ಕಥೆ ಕನ್ನಡಿಗರಿಗೆಲ್ಲ ತಿಳಿದದ್ದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಗಂಟನ್ನು ನೋಡಿದೊಡನೆಯೇ ಗುರುತಿಸಿ, ಹೆಚ್ಚಿನದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ನಿತ್ಯದ ಅಳತೆ ಆಕೆಗೆ ಖಚಿತವಾಗಿ ಗೊತ್ತಿತ್ತು. ಅಳತೆ ಗೊತ್ತಿಲ್ಲದವರಿಗೆ ಹೆಚ್ಚಾದದ್ದು ತಿಳಿಯುವುದಾದರೂ ಹೇಗೆ?

ಪಯಣಿಗರೂ ಮೊದಲು ಹಿಡಿಯಬೇಕಾದದ್ದು ತಕ್ಕಡಿಯನ್ನೇ. ಒಯ್ಯಬೇಕೆಂದಿರುವ ಪ್ರತಿಯೊಂದು ವಸ್ತುವನ್ನೂ ತೂಗಿ ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಹಾಗೆ ಬರೆದಾಗ ಹೊರೆಯ ಬಹುಭಾಗ ಮೂರೇ ವಸ್ತುಗಳಲ್ಲಿರುವುದು ಕಂಡುಬರುತ್ತದೆ: ಚೀಲ, ಡೇರೆ, ಹಾಸಿಗೆ. ಹಲ್ಲುಜ್ಜುವ ಕುಂಚದ ಹಿಡಿಯನ್ನು ಕತ್ತರಿಸಿ ಹೆಮ್ಮೆಪಡುವವರುಂಟು. ಖಾಲಿ ಚೀಲವೇ ಮೂರು ಕಿಲೋ ತೂಗುತ್ತಿದ್ದರೆ ಅದರಿಂದ ಬಂದ ಫಲವೇನು? ಮೊದಲು ದೊಡ್ಡದನ್ನು ಇಳಿಸಬೇಕು, ಆ ಬಳಿಕ ಸಣ್ಣದಕ್ಕೆ ಕೈಹಾಕಬೇಕು. ದೊಡ್ಡ ಚೀಲ ತುಂಬುವವರೆಗೆ ಮನಸ್ಸು ಸುಮ್ಮನಿರುವುದಿಲ್ಲವಾದುದರಿಂದ, ಚೀಲವನ್ನು ಚಿಕ್ಕದಾಗಿ ಆರಿಸಿಕೊಳ್ಳುವುದು ಅರ್ಧ ಜಯ.

ಎರಡನೆಯ ಸೂತ್ರ, ಒಂದು ವಸ್ತುವಿಗೆ ಎರಡು ಕೆಲಸ. ಪಂಚೆಯೊಂದು ಉಡುಗೆ, ಹೊದಿಕೆ, ಟವಲು, ತಲೆಗಟ್ಟು ಎಲ್ಲವೂ ಆಗಬಲ್ಲದು. ಉಣ್ಣುವ ಪಾತ್ರೆಯೇ ಕಾಯಿಸುವ ಪಾತ್ರೆಯಾಗಬಹುದು. ಬಟ್ಟೆ ಮೈಮೇಲೊಂದು ಜೊತೆ, ಒಣಗಿದ್ದು ಇನ್ನೊಂದು ಜೊತೆ. ಮೂರನೆಯದು ಸಂಕೋಚದ ಹೊರೆ.

ಮೂರನೆಯದು, ಪ್ರತಿಯೊಂದರ ಕಾರಣವನ್ನು ವಿಚಾರಿಸುವುದು. ರೇ ಜಾರ್ಡೀನ್ ಎಂಬ ಅಮೆರಿಕದ ಚಾರಣಿಗ ಪತ್ನಿಯೊಡನೆ ನಾಲ್ಕು ಸಾವಿರ ಕಿಲೋಮೀಟರಿಗೂ ಉದ್ದವಾದ ಪೆಸಿಫಿಕ್ ಕ್ರೆಸ್ಟ್ ಕಾಲುದಾರಿಯನ್ನು ಒಂದಕ್ಕಿಂತ ಹೆಚ್ಚು ಸಲ ನಡೆದವನು. 1992ರಲ್ಲಿ ಆತ ಬರೆದ ಕೈಪಿಡಿ ಹಗುರ ಚಾರಣಕ್ಕೆ ಶಾಸ್ತ್ರಗ್ರಂಥವೆನಿಸಿತು. ಮಲಗುವ ಚೀಲದಲ್ಲಿ ಮೈಯಡಿಗೆ ಸಿಕ್ಕು ಅಮುಕಿದ ಪದರ ಬೆಚ್ಚಗಿಡಲಾರದು. ಹಾಗಾದರೆ ಅದನ್ನು ಹೊರುವುದೇಕೆ ಎಂದು ಆತ ಕೇಳಿದ. ಕೆಳಗಿನ ಪದರವಿಲ್ಲದ ಹೊದಿಕೆಯನ್ನು ತಾನೇ ಹೊಲಿದುಕೊಂಡ. ಹೀಗೆ ಒಂದೊಂದನ್ನೂ ಪ್ರಶ್ನಿಸುತ್ತ ಹೋಗಿ, ಆಹಾರ ನೀರುಗಳನ್ನು ಬಿಟ್ಟು ಉಳಿದ ಹೊರೆಯನ್ನು ನಾಲ್ಕು ಕಿಲೋ ಆಸುಪಾಸಿಗೆ ಇಳಿಸಿದ.

ಪಯಣ ಮುಗಿಸಿ ಬಂದ ಮೇಲೂ ಪಾಠ ಮುಗಿಯದು. ಗಂಟನ್ನು ಬಿಚ್ಚಿ ನಿತ್ಯ ಬಳಸಿದ್ದು, ಒಮ್ಮೊಮ್ಮೆ ಬಳಸಿದ್ದು, ಮುಟ್ಟದೇ ಇದ್ದದ್ದು ಎಂದು ಮೂರು ರಾಶಿ ಮಾಡಬೇಕು. ಔಷಧ, ಮಳೆಯ ಹೊದಿಕೆ, ದುರಸ್ತಿಯ ಸಾಧನಗಳನ್ನು ಹೊರತುಪಡಿಸಿ ಮೂರನೆಯ ರಾಶಿ ಮುಂದಿನ ಸಲ ಮನೆಯಲ್ಲಿಯೇ ಉಳಿಯತಕ್ಕದ್ದು.

ಬುತ್ತಿ ಮತ್ತು ನೀರು

ಆಹಾರದ ತೂಕದಲ್ಲಿ ಹೆಚ್ಚಿನದು ನೀರು. ನೂರು ಗ್ರಾಂ ಅನ್ನದಿಂದ ಸುಮಾರು 130 ಕ್ಯಾಲೊರಿ ದೊರೆತರೆ ಅಷ್ಟೇ ತೂಕದ ಅಕ್ಕಿಯಿಂದ ಸುಮಾರು 350, ಶೇಂಗಾದಿಂದ 550ಕ್ಕೂ ಮಿಕ್ಕಿ ದೊರೆಯುತ್ತದೆ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಊರುಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರ ಬುತ್ತಿಯನ್ನು ಬಿಚ್ಚಿ ನೋಡಿದರೆ ಈ ಶಾಸ್ತ್ರವೆಲ್ಲ ಅಲ್ಲಿಯೇ ಇದೆ: ಒಣಗಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಅವಲಕ್ಕಿ. ನೀರು ಮಾತ್ರ ಹಗುರವಾಗದು. ಒಂದು ಲೀಟರು ಎಂದೆಂದಿಗೂ ಒಂದು ಕಿಲೋ. ಮುಂದಿನ ನೀರಿನ ನೆಲೆ ಎಷ್ಟು ದೂರವೆಂದು ಸ್ಥಳೀಯರನ್ನು ಕೇಳಿ ತಿಳಿದವರು ತಕ್ಕಷ್ಟನ್ನೇ ಹೊರುತ್ತಾರೆ. ತಿಳಿಯದವರು ಒಂದೋ ಹೆಚ್ಚು ಹೊತ್ತು ದಣಿಯುತ್ತಾರೆ, ಇಲ್ಲವೇ ಕಡಿಮೆ ಹೊತ್ತು ಬಾಯಾರುತ್ತಾರೆ. ಅರಿವಿಗೆ ತೂಕವಿಲ್ಲ, ಆದರೆ ಅದು ತೂಕವನ್ನು ಇಳಿಸಬಲ್ಲದು.

ಕಟ್ಟುವ ಬಗೆ

ಇಳಿಸಿ ಉಳಿದ ಹೊರೆಯನ್ನು ಸರಿಯಾಗಿ ಕಟ್ಟುವುದೂ ಲಾಘವವೇ. ಚಾರಣಿಗನ ಚೀಲದಲ್ಲಿ ಭಾರದ ವಸ್ತುಗಳು ಬೆನ್ನಿಗೆ ಒತ್ತಿಕೊಂಡು ನಡುಭಾಗದಲ್ಲಿರಬೇಕು. ದೂರವಾದಷ್ಟೂ ಅವು ಹಿಂದಕ್ಕೆ ಎಳೆಯುತ್ತವೆ. ಸೈಕಲ್ ಸವಾರ ಬೆನ್ನಿಗೆ ಚೀಲ ಹಾಕದೆ ಕ್ಯಾರಿಯರಿನ ಎರಡು ಪಕ್ಕಗಳಲ್ಲಿ ಸಮತೂಕವಾಗಿ, ಆದಷ್ಟು ಕೆಳಗೆ ಕಟ್ಟಬೇಕು. ಮೇಲಕ್ಕೆ ಪೇರಿಸಿದ ಗಂಟು ಇಳಿಜಾರಿನ ತಿರುವಿನಲ್ಲಿ ಸವಾರನ ಮಾತು ಕೇಳುವುದಿಲ್ಲ. ಭಾರವಾದ ಸೈಕಲ್ಲನ್ನು ನಿಲ್ಲಿಸಲು ಹೆಚ್ಚು ದೂರ ಬೇಕಾಗುವುದರಿಂದ ಬ್ರೇಕಿನ ಪರೀಕ್ಷೆ ಕಡ್ಡಾಯ.

ಲಾಘವದ ಎಲ್ಲೆ

ಹೀಗೆಂದ ಮಾತ್ರಕ್ಕೆ ಬರಿಗೈಯಲ್ಲಿ ಹೊರಡುವುದು ಲಾಘವವೆಂದು ತಿಳಿಯಬಾರದು. ಗೇಟ್‌ವುಡ್ಡಳ ಚರಿತ್ರೆಯಲ್ಲಿಯೇ ಇದಕ್ಕೂ ನಿದರ್ಶನವುಂಟು. 1954ರಲ್ಲಿ ಆಕೆ ಮೊದಲ ಸಲ ಹೊರಟಾಗ ಮೇನ್ ರಾಜ್ಯದ ಕಾಡಿನಲ್ಲಿ ದಾರಿ ತಪ್ಪಿದಳು, ಕನ್ನಡಕ ಒಡೆಯಿತು, ಆಹಾರ ಮುಗಿಯಿತು. ಅರಣ್ಯದ ಕಾವಲುಗಾರರು ಕಂಡು ಮನೆಗೆ ಕಳುಹಿಸಿದರು. ಮರುವರ್ಷದ ಯಶಸ್ಸಿನಲ್ಲಿಯೂ ದಾರಿಯುದ್ದಕ್ಕೂ ಅಪರಿಚಿತರು ಇಕ್ಕಿದ ಊಟ, ಕೊಟ್ಟ ಆಶ್ರಯ ಇವುಗಳ ಪಾಲು ದೊಡ್ಡದು. ಶ್ರೀಶೈಲದ ಪಾದಯಾತ್ರಿಯ ಗಂಟು ಚಿಕ್ಕದಾಗಿರುವುದಕ್ಕೂ ದಾರಿಯ ಊರುಗಳಲ್ಲಿ ನಡೆಯುವ ದಾಸೋಹವೇ ಆಧಾರ. ಒಬ್ಬನ ಹಗುರತನವನ್ನು ಮತ್ತೊಬ್ಬರ ಕೈ ಹೊತ್ತಿರುತ್ತದೆಂಬುದನ್ನು ಮರೆಯಲಾಗದು. ಮರೆತು, ತನ್ನ ಪಾಲಿನ ನೀರನ್ನೂ ಹೊದಿಕೆಯನ್ನೂ ಬಿಟ್ಟು ಬಂದು ರಾತ್ರಿ ಜೊತೆಗಾರರ ಮುಂದೆ ಕೈಚಾಚುವವನು ಹೊರೆಯನ್ನು ಇಳಿಸಿದವನಲ್ಲ; ಬೇರೆಯವರ ಹೆಗಲಿಗೆ ವರ್ಗಾಯಿಸಿದವನು.

ಆದುದರಿಂದ ಎಂದೂ ಕೈಬಿಡಬಾರದವು ಕೆಲವುಂಟು: ನೀರು, ಮಳೆಯ ಹೊದಿಕೆ, ಒಣಗಿದ ಬೆಚ್ಚನೆಯ ಒಂದು ಉಡುಪು, ದೀಪ, ನಕ್ಷೆ, ಸೀಟಿ, ಪ್ರಥಮ ಚಿಕಿತ್ಸೆಯ ಸಾಮಗ್ರಿ, ಅವರವರ ಔಷಧ. ಸೈಕಲ್ ಸವಾರನಿಗೆ ಇವುಗಳ ಜೊತೆಗೆ ಪಂಪು, ಒಂದು ಟ್ಯೂಬು, ಪಂಕ್ಚರ್ ಹಾಕುವ ಸಲಕರಣೆ. ಮಲೆನಾಡಿನ ಮಳೆಗಾಲವಾದರೆ ಉಂಬಳಗಳಿಗಾಗಿ ಒಂದು ಹಿಡಿ ಉಪ್ಪು.

ವಿದ್ಯಾರ್ಥಿಗಳಿಗೆ ಇದರ ಪ್ರಯೋಜನ

ಶಾಲೆಯ ತಂಡಗಳು ಪ್ರವಾಸ ಹೊರಡುವಾಗ ಈ ವಿವೇಚನೆ ಇನ್ನೂ ಅಗತ್ಯ. ಬೆನ್ನಿನ ಹೊರೆ ಮೈತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಚಾರಣಿಗರಲ್ಲಿ ಬಳಕೆಯಲ್ಲಿರುವ ಪ್ರಮಾಣ. ನಲವತ್ತು ಕಿಲೋ ತೂಗುವ ಬಾಲಕನಿಗೆ ಇದು ಎಂಟು ಕಿಲೋ. ಅದೂ ಮೇಲಿನ ಮಿತಿ. ಹತ್ತು ಮಂದಿಗೆ ಹತ್ತು ಪಾತ್ರೆ ಬೇಡ. ಒಲೆ, ಹಗ್ಗ, ಔಷಧದ ಪೆಟ್ಟಿಗೆ ಸಮುದಾಯದವಾಗಲಿ. ಅವುಗಳ ಹಂಚಿಕೆ ತಲೆಗಿಷ್ಟೆಂದಲ್ಲದೆ ಶಕ್ತಿಗೆ ತಕ್ಕಂತೆ ನಡೆಯಲಿ. ತಂಡದ ಗತಿಯನ್ನು ನಿರ್ಣಯಿಸುವವನು ಮುಂದೆ ಓಡುವ ಬಲಶಾಲಿಯಲ್ಲ, ಹಿಂದೆ ಉಳಿದ ದುರ್ಬಲ. ಅವನ ಚೀಲದಿಂದ ಎರಡು ಕಿಲೋ ತೆಗೆದು ಬಲ್ಲಿದರ ಚೀಲಕ್ಕೆ ಸೇರಿಸಿದರೆ ಇಡೀ ತಂಡ ಹಗುರವಾಗುತ್ತದೆ.

ಮಕ್ಕಳು ನಿತ್ಯ ಹೊರುವ ಚೀಲದ ವಿಷಯವೂ ಇದೇ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಚೀಲ ನೀತಿ ಅದನ್ನು ಮೈತೂಕದ ಹತ್ತನೆಯ ಒಂದು ಭಾಗಕ್ಕೆ ಮಿತಿಗೊಳಿಸಬೇಕೆಂದು ಹೇಳಿದೆ. ನೀತಿಯನ್ನು ಬರೆಯುವುದು ಸರ್ಕಾರದ ಕೆಲಸ. ತೂಗಿ ನೋಡುವುದು ಅಧ್ಯಾಪಕರ ಮತ್ತು ತಂದೆತಾಯಿಗಳ ಕೆಲಸ. ಪ್ರವಾಸಕ್ಕೆ ಮುಂಚೆ ಶಾಲೆಯ ಅಂಗಳದಲ್ಲಿ ಒಂದು ತಕ್ಕಡಿಯನ್ನಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಗಂಟನ್ನು ತಾನೇ ತೂಗಿ, ಬರೆದು, ಏಕೆ ಬೇಕೆಂದು ಹೇಳುವಂತೆ ಮಾಡಿದರೆ ಅದೊಂದು ಉತ್ತಮ ಪಾಠವಾದೀತು. ಗಣಿತ, ವಿಜ್ಞಾನ, ನೀತಿ ಈ ಮೂರೂ ಅಲ್ಲಿ ಒಂದೇ ಗಂಟೆಯಲ್ಲಿ ಕೂಡಿಬರುತ್ತವೆ. ಅಂಥ ಪಾಠವನ್ನು ಕಲಿತ ಮಕ್ಕಳು ಬೆಟ್ಟವನ್ನು ಸುಲಭವಾಗಿ ಏರುವರು. ಏರುವಾಗ ಪಕ್ಕದವನ ಚೀಲದ ಕಡೆಗೂ ಕಣ್ಣು ಹಾಯಿಸುವರು.