ಡಬ್ಬಿ ಕಟ್ಟುವಾಗ ಮಧ್ಯಾಹ್ನದ ಲೆಕ್ಕ

ಆಹಾರ–ಆರೋಗ್ಯ ಪ್ರಶ್ನೋತ್ತರ

ಬಿಸಿಲು ಏರುತ್ತಿದ್ದಂತೆ ಊಟದ ಡಬ್ಬಿಯ ಬಗ್ಗೆ ಪತ್ರಗಳೂ ಹೆಚ್ಚುತ್ತವೆ. ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅನ್ನ, ಸಾರು ಮಾಡಿ, ಮನೆಯವರಿಗೂ ಮಕ್ಕಳಿಗೂ ಕಟ್ಟಿಕೊಟ್ಟು ಏಳೂವರೆಗೆ ಬಸ್ಸು ಹಿಡಿಯುತ್ತೇನೆ. ಊಟಕ್ಕೆ ಬಿಡುವುದು ಒಂದು ಗಂಟೆಗೆ. ಬೇಸಿಗೆಯಲ್ಲಿ ಡಬ್ಬಿ ತೆಗೆದರೆ ಅನ್ನ ಅಂಟಂಟು, ಒಂದು ಥರಾ ವಾಸನೆ. ಎಸೆಯಲು ಮನಸ್ಸು ಬರದೆ ತಿಂದು ವಾಂತಿ ಮಾಡಿಕೊಂಡದ್ದೂ ಇದೆ. ರಾತ್ರಿಯ ಅನ್ನ ಉಳಿದರೆ ಬೆಳಿಗ್ಗೆ ಅದಕ್ಕೇ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತೇನೆ. ಏನು ಮಾಡಬೇಕು ಹೇಳಿ.
– ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ಅಂಟು ಬಂದ ಅನ್ನವನ್ನು ದಯವಿಟ್ಟು ತಿನ್ನಬೇಡಿ. ಅನ್ನ ಚೆಲ್ಲುವ ಸಂಕಟ ನನಗೂ ಅರ್ಥವಾಗುತ್ತದೆ, ಆದರೆ ಒಂದು ದಿನ ವಾಂತಿಯಾಗಿ ಮಲಗಿದರೆ ಹೋಗುವ ಸಂಬಳ ಆ ಅನ್ನದ ಬೆಲೆಗಿಂತ ಎಷ್ಟೋ ಹೆಚ್ಚು.

ಆಗುವುದು ಹೀಗೆ. ಅಕ್ಕಿಯಲ್ಲಿ ಮಣ್ಣಿನಿಂದ ಬಂದ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಅನ್ನ ಬೇಯಿಸಿದರೂ ಅವುಗಳಲ್ಲಿ ಕೆಲವು ಉಳಿದುಕೊಳ್ಳುತ್ತವೆ. ಬೆಂದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಇದ್ದರೆ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು, ಒಗ್ಗರಣೆಗೂ ಜಗ್ಗದು. ಕೆಲವೊಮ್ಮೆ ವಾಸನೆಯೂ ಬರದು. ಬೆಂದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನದ್ದೆಲ್ಲ ಅಪಾಯದ ವಲಯ. ಆವಿಯಾಡುವ ಅನ್ನವನ್ನು ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಹಾಕಿದರೆ, ಅದು ಅರ್ಧ ದಿನ ಈ ವಲಯದಲ್ಲೇ ಕೂತಿರುತ್ತದೆ. ಮುಚ್ಚಳದ ಒಳಗೆ ಕಟ್ಟಿದ ಹನಿಗಳು ಮತ್ತೆ ಅನ್ನಕ್ಕೇ ಇಳಿದು ಅದನ್ನು ಇನ್ನಷ್ಟು ತೇವ ಮಾಡುತ್ತವೆ.

ಹಾಗಾಗಿ ಬೆಳಿಗ್ಗೆ ಯಾವುದು ಸುಲಭ ಎಂದು ನೋಡುವುದರ ಜೊತೆಗೆ, ಮಧ್ಯಾಹ್ನ ಒಂದು ಗಂಟೆಗೆ ಯಾವುದು ಚೆನ್ನಾಗಿ ಉಳಿದಿರುತ್ತದೆ ಎಂದೂ ನೋಡಿ ಅಡುಗೆ ಆರಿಸಿಕೊಳ್ಳಬೇಕು. ನಮ್ಮ ಹಿರಿಯರು ಪ್ರಯಾಣಕ್ಕೆ ಪುಳಿಯೋಗರೆ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಹುಣಸೆಯ ಹುಳಿ ಇರುವಲ್ಲಿ ಈ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯದು. ಭಾನುವಾರ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿಟ್ಟುಕೊಳ್ಳಿ, ಬೆಳಿಗ್ಗೆ ಬಿಸಿ ಅನ್ನವನ್ನು ಅಗಲ ತಟ್ಟೆಗೆ ಹರವಿ ಫ್ಯಾನಿನ ಕೆಳಗೆ ಆರಿಸಿ, ಪ್ರತಿ ಅಗುಳಿಗೂ ಹಿಡಿಯುವಂತೆ ಕಲಸಿ. ಈಗ ಮಾವಿನಕಾಯಿ ಚಿತ್ರಾನ್ನದ ಕಾಲ, ಅದೂ ಆಗುತ್ತದೆ. ಆದರೆ ಡಬ್ಬಿಯ ಚಿತ್ರಾನ್ನಕ್ಕೆ ತೆಂಗಿನ ತುರಿ ಬೇಡ, ಬೇಸಿಗೆಯಲ್ಲಿ ಮೊದಲು ಕೆಡುವುದು ಅದೇ. ಮೊಸರನ್ನಕ್ಕೆ ಹುಳಿಯಾಗದಿರಲೆಂದು ಹಾಲು ಜಾಸ್ತಿ, ಮೊಸರು ಚೂರೇ ಹಾಕುವ ವಾಡಿಕೆ ಇದೆಯಲ್ಲ, ಅಷ್ಟು ಹೊತ್ತು ಇಡುವ ಡಬ್ಬಿಗೆ ಅದನ್ನು ತಿರುಗಿಸಿ. ಮೊಸರೇ ಧಾರಾಳವಾಗಿರಲಿ, ಹುಳಿಯೇ ಅನ್ನಕ್ಕೆ ಕಾವಲು.

ಅನ್ನ–ಸಾರೇ ಬೇಕೆನ್ನುವ ದಿನ ಕೆಲಸದ ಕ್ರಮ ಬದಲಿಸಿ. ಸಾರು, ಪಲ್ಯ ಮುಗಿದ ಮೇಲೆ, ಕಡೆಗೆ ಅನ್ನದ ಕುಕ್ಕರ್ ಇಡಿ. ಅಲ್ಲಿಗೇ ಎರಡು ಗಂಟೆ ಉಳಿಯಿತು. ಬಿಸಿ ಕಾಯುವ ಫ್ಲಾಸ್ಕ್ ಡಬ್ಬಿ ಕೊಳ್ಳುವ ಅನುಕೂಲವಿದ್ದರೆ, ಮೊದಲು ಅದಕ್ಕೆ ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಅನ್ನವನ್ನಾಗಲಿ ಸಾರನ್ನಾಗಲಿ ಹಬೆಯಾಡುವಾಗಲೇ ತುಂಬಿ. ಇಲ್ಲಿ ಆರಿಸಬಾರದು. ರಾತ್ರಿ ಉಳಿದ ಅನ್ನ ಊಟವಾದ ಕೂಡಲೇ ಫ್ರಿಜ್ ಸೇರಿದ್ದರೆ ಮಾತ್ರ ಚಿತ್ರಾನ್ನಕ್ಕೆ ಬಳಸಿ. ಫ್ರಿಜ್ ಇಲ್ಲದ ಮನೆಯಲ್ಲಿ ರಾತ್ರಿ ಅಳೆದು ಅಕ್ಕಿ ಇಡುವುದೇ ದಾರಿ.

ಇನ್ನೊಂದು ಮಾತು. ಕಾರ್ಖಾನೆಯಲ್ಲಿ ಡಬ್ಬಿಗಳನ್ನು ಎಲ್ಲಿಡುತ್ತೀರಿ? ತಗಡಿನ ಚಾವಣಿಯ ಕೆಳಗೋ ಇಸ್ತ್ರಿ ವಿಭಾಗದ ಆವಿ ಬಡಿಯುವ ಗೋಡೆಗೋ ರ‍್ಯಾಕ್ ಇದ್ದರೆ, ಮನೆಯಲ್ಲಿ ನೀವು ಪಟ್ಟ ಶ್ರಮವೆಲ್ಲ ಅಲ್ಲಿ ಹಾಳಾಗುತ್ತದೆ. 150ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ತಂದ ಊಟ ಕೂತು ಉಣ್ಣಲು ಕೋಣೆ, ಕುಡಿಯುವ ನೀರು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿತ್ತು. ಡಬ್ಬಿ ಇಡಲು ತಂಪಾದ ಜಾಗ ಕೇಳುವುದು ದಾಕ್ಷಿಣ್ಯ ಪಡುವ ವಿಷಯ ಅಲ್ಲ. ನಾಲ್ಕು ಜನ ಸೇರಿ ಕೇಳಿ.

ಪ್ರಶ್ನೆ: ನಾನು ಕಲಬುರ್ಗಿಯವನು, ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಊರಿಂದ ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸುತ್ತಾಳೆ. ಆಫೀಸಿಗೆ ದಿನಾ ಅದೇ ಬುತ್ತಿ. ಗೆಳೆಯರು ‘ಇಷ್ಟರಾಗ ಏನ್ ಶಕ್ತಿ ಬರ್ತದ’ ಅಂತಾರೆ. ಇದು ಸಾಲುತ್ತದೆಯೇ?
– ಓದುಗರು, ಮಾರತ್ತಹಳ್ಳಿ

ಉತ್ತರ: ಅವ್ವ ಕಳಿಸುವ ಬುತ್ತಿಯನ್ನು ಬಿಡಬೇಡಿ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಇದೆ, ನಾರಿನಂಶ ಬಿಳಿ ಅನ್ನಕ್ಕಿಂತ ಬಹಳ ಹೆಚ್ಚು. ಶೇಂಗಾದಿಂದ ಬರುವುದು ಬೇರೆ. ಕಟಕ ರೊಟ್ಟಿಯಲ್ಲಿ ನೀರಿನಂಶವೇ ಉಳಿಯದ ಕಾರಣ ಕೆಡುವ ಭಯವಿಲ್ಲ. ಆದರೆ ದಿನವೂ ರೊಟ್ಟಿ–ಚಟ್ನಿ ಅಷ್ಟೇ ಆದರೆ ಕಾಳು, ತರಕಾರಿ ಎರಡೂ ತಪ್ಪುತ್ತವೆ. ಊರಲ್ಲಿ ರೊಟ್ಟಿಯ ಪಕ್ಕಕ್ಕೆ ಏನೇನು ಇರುತ್ತಿತ್ತು ನೆನಪಿಸಿಕೊಳ್ಳಿ: ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಮೊಸರು. ಬೆಂಗಳೂರಿಗೆ ಬರುವಾಗ ರೊಟ್ಟಿ ಬಂತು, ಇವು ಅಲ್ಲೇ ಉಳಿದವು.

ಒಂದು ಹಿಡಿ ಹೆಸರುಕಾಳನ್ನೋ ಮಡಿಕೆಕಾಳನ್ನೋ ಬೆಳಿಗ್ಗೆ ನೆನೆಹಾಕಿ, ರಾತ್ರಿ ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಉಳ್ಳಾಗಡ್ಡಿ, ಖಾರಪುಡಿ ಹಾಕಿ ಮುಚ್ಚಿ ಬೇಯಿಸಿದರೆ ಕಾಲು ಗಂಟೆಯಲ್ಲಿ ಗಟ್ಟಿ ಪಲ್ಯ. ಆಫೀಸಿನಲ್ಲಿ ಫ್ರಿಜ್ ಇದ್ದರೆ ಹೋದ ಕೂಡಲೇ ಅದರಲ್ಲಿಡಿ, ತಿನ್ನುವ ಮುಂಚೆ ಹಬೆಯಾಡುವಷ್ಟು ಬಿಸಿ ಮಾಡಿಕೊಳ್ಳಿ. ಸೌತೆಕಾಯಿಯನ್ನು ಮನೆಯಲ್ಲೇ ಹೆಚ್ಚಬೇಡಿ. ತೊಳೆದು ಇಡಿಯಾಗಿ ಒಯ್ದು ಊಟಕ್ಕೆ ಕೂತಾಗ ಕತ್ತರಿಸಿ. ಚಟ್ನಿಪುಡಿಯ ಮೇಲೆ ಉಪ್ಪಿನಕಾಯಿಯೂ ಬೇಡ: ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು.

ಪ್ರಶ್ನೆ: ಹಳ್ಳಿ ಶಾಲೆಯ ಶಿಕ್ಷಕಿ ನಾನು. ಹಿಮೋಗ್ಲೋಬಿನ್ 9 ಬಂದಿದೆ. ಎಲ್ಲರಿಗೂ ಕಟ್ಟಿಕೊಟ್ಟು ಉಳಿದದ್ದನ್ನು ನನ್ನ ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಊಟದ ಜೊತೆಗೇ ಸ್ಟಾಫ್ ರೂಮಿನಲ್ಲಿ ಟೀ ಆಗುತ್ತದೆ. ಡಬ್ಬಿಗೆ ಏನು ಹಾಕಿಕೊಂಡರೆ ರಕ್ತ ಹೆಚ್ಚುತ್ತದೆ?
– ಓದುಗರು, ಸಾಗರ

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ಬೇಸರವಾಯಿತು, ಏಕೆಂದರೆ ಇದು ನಿಮ್ಮೊಬ್ಬರ ಪತ್ರವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡಿದೆ.

ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 9 ಎಂದರೆ ಡಬ್ಬಿಯೊಂದರಿಂದಲೇ ಸರಿಹೋಗುವಂಥದ್ದಲ್ಲ. ಈ ವಾರವೇ ವೈದ್ಯರನ್ನು ನೋಡಿ, ಕಾರಣ ತಿಳಿದುಕೊಳ್ಳಿ, ಮಾತ್ರೆ ಕೊಟ್ಟರೆ ನಡುವೆ ನಿಲ್ಲಿಸಬೇಡಿ. ಅದರ ಜೊತೆಗೆ ಟೀಯನ್ನು ಊಟದಿಂದ ಒಂದು ಗಂಟೆಯಾದರೂ ದೂರ ಇಡಿ. ಸೊಪ್ಪು, ಕಾಳುಗಳಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ಟೀ, ಕಾಫಿ ಎರಡೂ ತಡೆಯುತ್ತವೆ. ನಿಂಬೆ, ಸೀಬೆಹಣ್ಣು, ನೆಲ್ಲಿಕಾಯಿಯ ಸಿ ಜೀವಸತ್ವ ಹತ್ತುವಂತೆ ಮಾಡುತ್ತದೆ. ಡಬ್ಬಿಯ ಪಕ್ಕದಲ್ಲಿ ಅರ್ಧ ನಿಂಬೆಹಣ್ಣು ಇರಲಿ, ಕಾಳಿನ ಪಲ್ಯದ ಮೇಲೆ ಅಲ್ಲೇ ಹಿಂಡಿಕೊಳ್ಳಿ. ಮೀನು, ಮಾಂಸ ತಿನ್ನುವ ಮನೆಯಾದರೆ ಅದರ ಕಬ್ಬಿಣ ಇನ್ನೂ ಬೇಗ ಹತ್ತುತ್ತದೆ. ಮನೆಯಲ್ಲಿ ಪಲ್ಯ ಇಳಿಸಿದ ಕೂಡಲೇ ಮೊದಲ ಸೌಟು ನಿಮ್ಮ ಡಬ್ಬಿಗೆ ಹಾಕಿಕೊಳ್ಳಿ. ಉಳಿದವರಿಗೆ ಕಡಿಮೆ ಬಿದ್ದರೆ ಅದನ್ನು ಮನೆಯವರೆಲ್ಲ ಸೇರಿ ಸರಿಮಾಡಿಕೊಳ್ಳಲಿ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿ ಮೈಕ್ರೋವೇವ್‌ನಲ್ಲಿ ಇಡಬಹುದೇ? ಚಪಾತಿಯನ್ನು ಪೇಪರಿನಲ್ಲಿ ಸುತ್ತಿದರೆ ತೊಂದರೆಯೇ?
– ಓದುಗರು, ದಾವಣಗೆರೆ

ಉತ್ತರ: ಮೈಕ್ರೋವೇವ್‌ಗೆ ಗಾಜು, ಪಿಂಗಾಣಿಯೇ ಒಳ್ಳೆಯದು. ಮೆಲಮೈನ್ ತಟ್ಟೆ, ಸ್ಟೀಲ್ ಬೇಡ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದೆ, ಮುದ್ರಣದ ಶಾಯಿ ಎಣ್ಣೆಗೆ ಬಿಡುತ್ತದೆ. ಚಪಾತಿಗೆ ತೆಳ್ಳನೆಯ ಹತ್ತಿ ಬಟ್ಟೆ ಸಾಕು. ಪುಳಿಯೋಗರೆ, ನಿಂಬೆ ಹಿಂಡಿದ್ದು ಯಾವುದನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಡಿ.

ಪ್ರಶ್ನೆ: ಇಷ್ಟು ವರ್ಷ ಹೆಂಡತಿಯೇ ನನಗೆ ಡಬ್ಬಿ ಕಟ್ಟುತ್ತಿದ್ದರು. ಈಗ ಅವರಿಗೂ ಕೆಲಸ ಸಿಕ್ಕಿ ನನಗಿಂತ ಮೊದಲೇ ಹೊರಡುತ್ತಾರೆ. ನನ್ನ ಡಬ್ಬಿ ನಾನೇ ಕಟ್ಟಿಕೊಳ್ಳಬೇಕೆಂದಿದ್ದೇನೆ. ಅಡುಗೆ ಬಾರದು. ಎಲ್ಲಿಂದ ಶುರು ಮಾಡಲಿ?
– ಓದುಗರು, ಮೈಸೂರು

ಉತ್ತರ: ಒಳ್ಳೆಯ ನಿರ್ಧಾರ. ಗೊಜ್ಜವಲಕ್ಕಿಯಿಂದ ಶುರು ಮಾಡಿ. ಬೇಯಿಸುವ ಗೋಜೇ ಇಲ್ಲ, ಹುಳಿ ಇರುವುದರಿಂದ ಮಧ್ಯಾಹ್ನಕ್ಕೆ ಚೆನ್ನಾಗಿಯೇ ಇರುತ್ತದೆ.

ಒಂದು ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಂತೆ ತರಿತರಿಯಾಗಿ ಮಾಡಿ. ನಿಂಬೆ ಗಾತ್ರದ ಹುಣಸೆಹಣ್ಣನ್ನು ಕಿವುಚಿ ರಸ ತೆಗೆದು, ಅದಕ್ಕೆ ಬೆಲ್ಲ, ಉಪ್ಪು, ಎರಡು ಚಮಚ ಸಾರಿನ ಪುಡಿ ಕದಡಿ ಅವಲಕ್ಕಿಗೆ ಸುರಿಯಿರಿ. ರಸ ಅವಲಕ್ಕಿಯನ್ನು ನೆನೆಸುವಷ್ಟಿದ್ದರೆ ಸಾಕು, ತೇಲುವಷ್ಟು ಬೇಡ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಉದುರುದುರಾಗಿ ನೆನೆದಿರುತ್ತದೆ. ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ ಕೊಡಿ. ಕೊಬ್ಬರಿ ಬೇಕೆಂದರೆ ಒಣಕೊಬ್ಬರಿಯನ್ನೇ ತುರಿದು ಹಾಕಿ, ಹಸಿ ಕಾಯಿ ಬೇಡ. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜವನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ಒಯ್ದು ತಿನ್ನುವ ಮುಂಚೆ ಬೆರೆಸಿಕೊಳ್ಳಿ, ಗರಿಗರಿಯಾಗಿಯೇ ಇರುತ್ತದೆ. ಜೊತೆಗೊಂದು ಬಾಳೆಹಣ್ಣೋ ಸೀಬೆಹಣ್ಣೋ ಇದ್ದರೆ ಆ ದಿನದ ಊಟವಾಯಿತು. ಕೈ ಕುದುರಿದ ಮೇಲೆ ಹೆಂಡತಿಯವರ ಪಾಲಿಗೂ ಒಂದು ಲೋಟ ಹೆಚ್ಚು ಅವಲಕ್ಕಿ ಹಾಕಿ, ಅವರು ಹೊರಡುವ ಮುಂಚೆ.